ತೂಕದ ಕೋಣೆಯಲ್ಲಿ ಹಿತ್ತಾಳೆ ಬಾತುಗಳು

ಬೆಳೆಗಾರರ ಸಂಘದ ಉಗ್ರಾಣದಲ್ಲಿ ತೂಕದಯ್ಯ ಇಪ್ಪತ್ತೆರಡು ವರ್ಷದಿಂದ ಕಾಳು ತೂಗುತ್ತಿದ್ದ. ಇಷ್ಟು ವರ್ಷದಲ್ಲಿ ಅವನ ತಕ್ಕಡಿಯ ಮೇಲೆ ಒಂದೇ ಒಂದು ದೂರು ಬಂದಿರಲಿಲ್ಲ. ಅವನ ಮೇಲೆ ದೂರುಗಳೇ ಇರಲಿಲ್ಲವೆಂದಲ್ಲ. ಅವು ಮನೆಯಲ್ಲಿ ದಿನಕ್ಕೆರಡು ಬರುತ್ತಿದ್ದವು, ಹಬೆಯಾಡುತ್ತಿದ್ದಂತೆಯೇ ಬರುತ್ತಿದ್ದವು. ಆದರೆ ತಕ್ಕಡಿಯ ವಿಷಯದಲ್ಲಿ ಮಾತ್ರ ಅವನ ಹೆಂಡತಿಯೂ ಬಾಯಿ ತೆರೆಯುತ್ತಿರಲಿಲ್ಲ.

ಅವನಿಗಿದ್ದದ್ದು ಒಂದೇ ಕಾಯಿಲೆ. ಕೈಗೆ ಏನು ಸಿಕ್ಕರೂ ತೂಗುವುದು. ತಟ್ಟೆ ಕೊಟ್ಟರೆ ತಟ್ಟೆಯನ್ನು, ಚಪ್ಪಲಿ ಎತ್ತಿದರೆ ಚಪ್ಪಲಿಯನ್ನು, ಅಂಗೈಯಲ್ಲಿ ಎರಡು ಸಲ ಮೇಲೆ ಕೆಳಗೆ ಆಡಿಸಿ ಇಷ್ಟು ಎಂದು ಹೇಳಿಬಿಡುತ್ತಿದ್ದ. ಮಗಳು ಹುಟ್ಟಿದಾಗ ಸೂಲಗಿತ್ತಿ ಕೂಸನ್ನು ತಂದು ಕೈಗೆ ಹಾಕಿದರೆ, ಎಲ್ಲರೂ ಅಪ್ಪನ ಬಾಯಿಂದ ಏನು ಬರುತ್ತದೋ ಎಂದು ಕಾದಿರುವಾಗ, "ಎರಡು ಕಿಲೋ ಒಂಬೈನೂರು, ಬಟ್ಟೆ ಸೇರಿ" ಎಂದಿದ್ದ. ಹೆಂಡತಿ ಆ ಬಾಣಂತನ ಮುಗಿಯುವವರೆಗೆ ಅವನ ಜೊತೆ ನೆಟ್ಟಗೆ ಮಾತಾಡಿರಲಿಲ್ಲ.

ಇಂಥವನು ಬಾತುಕೋಳಿ ಕೊಂಡದ್ದು ಹೇಗೆಂದು ಈಗ ಹೇಳಬೇಕು.

ಅವನ ಹೆಂಡತಿಯ ಅಕ್ಕನ ಗಂಡ, ಎಂದರೆ ಷಡ್ಡಕ, ಕಟ್ಟಡದ ಗುತ್ತಿಗೆದಾರ. ಊರಿಗೆಲ್ಲ ಮನೆ ಕಟ್ಟಿ ಕೊನೆಗೆ ತನಗೂ ಒಂದು ಕಟ್ಟಿಕೊಂಡಿದ್ದ. ಭಾನುವಾರ ಹೊಸ ಮನೆಯಲ್ಲಿ ನೆಂಟರಿಗೆಲ್ಲ ಊಟ. ಹಿಂದೊಮ್ಮೆ ಷಡ್ಡಕ ಕಚೇರಿ ತೆರೆದಾಗ ತೂಕದಯ್ಯ ಒಂದು ಪ್ಲಾಸ್ಟಿಕ್ ಬಕೆಟ್ಟು, ಅದರೊಳಗೊಂದು ಚೊಂಬು ಇಟ್ಟು ಉಡುಗೊರೆ ಕೊಟ್ಟಿದ್ದ. ಗಟ್ಟಿ ಬಕೆಟ್ಟು, ಒಂದು ಕಿಲೋಗೆ ಹತ್ತು ಗ್ರಾಂ ಕಮ್ಮಿ. ಷಡ್ಡಕ ಅದನ್ನು ಬಂದವರಿಗೆಲ್ಲ ಎತ್ತಿ ತೋರಿಸಿ, "ನೋಡಿ, ನಮ್ಮ ಷಡ್ಡಕರು ನಮಗೆ ಮುಖ ತೊಳ್ಕೊಳ್ಳಿ ಅಂತ ಹೇಳಿದಾರೆ" ಎಂದು ನಕ್ಕಿದ್ದ. ನೆಂಟರೂ ನಕ್ಕಿದ್ದರು. ತೂಕದಯ್ಯನೂ ನಕ್ಕಿದ್ದ, ಯಾಕೆಂದರೆ ಆ ಹೊತ್ತಿನಲ್ಲಿ ಮುಖಕ್ಕೆ ಬೇರೆ ಕೆಲಸ ಹೊಳೆದಿರಲಿಲ್ಲ.

ಸೋಮವಾರ ಸಂಘದ ಕಬ್ಬಿಣದ ತೂಕದ ಕಲ್ಲುಗಳಿಗೆ ವರ್ಷದ ಮುದ್ರೆ ಹಾಕಿಸಲು ಅವನು ಪೇಟೆಗೆ ಹೋದ. ತೂಕದ ಕಚೇರಿಯಲ್ಲಿ ಸರದಿ ದೊಡ್ಡದಿತ್ತು. ಬಿಸಿಲು ತಪ್ಪಿಸಿಕೊಳ್ಳಲೆಂದು ಪಕ್ಕದ ಅಂಗಡಿಯ ಮೆಟ್ಟಿಲು ಹತ್ತಿದವನು ಬಾಗಿಲು ತಂತಾನೆ ತೆರೆದುಕೊಂಡದ್ದರಿಂದ ಒಳಗೇ ಹೋಗಿಬಿಟ್ಟ.

ಅದು ಅವನು ಕಂಡಂಥ ಅಂಗಡಿಯಲ್ಲ. ಗೋಡೆಯಲ್ಲಿ ಸಾಲಾಗಿ ಮರದ ನಾಯಿಬಾಲಗಳು, ಬೀಗದಕೈ ತೂಗುಹಾಕಲಿಕ್ಕೆ. ತಲೆ ವಾಲಿಸಿಕೊಂಡು ತೂಕಡಿಸುತ್ತಿರುವ ಒಂದು ಚಹಾದ ಹೂಜಿ. ಮಧ್ಯಕ್ಕೆ ಬಿಚ್ಚಿದರೆ ಒಳಗೆ ಸೂಜಿದಾರ ಇಡಬಹುದಾದ ಮರದ ಹಣ್ಣು. ತೊಟ್ಟಿನ ಹತ್ತಿರ ಹುಳು ಕೊರೆದ ತೂತು ಸಮೇತ. ಮೊಣಕಾಲು ಮಡಿಸಿ ಕೂತ ದೀಪ. ಎಲ್ಲಿಯೂ ಉಗುರು ತಾಗುವಷ್ಟು ಒರಟಿಲ್ಲ, ಸೇರಿಸಿದ ಗೆರೆಯಿಲ್ಲ. ಮಾಡಿದವನಿಗೆ ಮಾಡಲು ಬೇರೆ ಕೆಲಸವಿರಲಿಲ್ಲವೋ, ಅಥವಾ ಇದಕ್ಕಿಂತ ದೊಡ್ಡ ಕೆಲಸವೇ ಇಲ್ಲವೆಂದು ನಂಬಿದ್ದನೋ ಎಂದು ತೂಕದಯ್ಯನಿಗೆ ದಿಗಿಲಾಯಿತು.

ಗಾಜಿನ ಹಲಗೆಯ ಮೇಲೆ ಹಿತ್ತಾಳೆಯ ಬಾತುಗಳಿದ್ದವು. ಒಂದು ತಾಯಿ, ಐದು ಮರಿ. ತಾಯಿ ಕತ್ತು ಹಿಂದಕ್ಕೆ ತಿರುಗಿಸಿ ಎಲ್ಲರೂ ಬಂದರೋ ಇಲ್ಲವೋ ಎಂದು ಎಣಿಸುತ್ತಿತ್ತು. ನಾಲ್ಕು ಮರಿಗಳು ತಾಯಿಯ ಕಡೆ ನೋಡುತ್ತಿದ್ದವು. ಐದನೆಯದು ಮಾತ್ರ ಬೇರೆ ಕಡೆ.

ಅವನ ಕೈ ಅವನನ್ನು ಕೇಳದೆ ತಾಯಿಬಾತನ್ನು ಎತ್ತಿತು.

"ಒಂದು ಕಿಲೋ ನೂರಾ ಇಪ್ಪತ್ತು" ಎಂದ.

ದಾರದಲ್ಲಿ ಕನ್ನಡಕ ತೂಗುಹಾಕಿಕೊಂಡಿದ್ದ ಅಂಗಡಿಯಾಕೆ ತಲೆಯೆತ್ತಿದಳು. "ಅದು ಬೆಲೆ ಅಲ್ಲ ಸಾರ್."

"ಬೆಲೆ ಅಲ್ಲಮ್ಮ, ತೂಕ."

"ಇಲ್ಲಿ ಯಾರೂ ತೂಕ ನೋಡಿ ತಗೊಳ್ಳಲ್ಲ."

"ಮತ್ತೆ ಏನು ನೋಡಿ ತಗೋತಾರೆ?"

"ಇಷ್ಟ ಆಯ್ತು ಅಂತ ತಗೋತಾರೆ" ಎಂದಳು ಆಕೆ, ಇದರಲ್ಲಿ ಕೇಳುವಂಥದ್ದೇನಿದೆ ಎಂಬಂತೆ.

ತೂಕದಯ್ಯ ಈ ಕಾರಣಕ್ಕೆ ಜನ್ಮದಲ್ಲಿ ಏನನ್ನೂ ಕೊಂಡವನಲ್ಲ. ಆದರೆ ಪಕ್ಕದಲ್ಲಿ ಇಸ್ತ್ರಿ ಅಂಗಿಯವನೊಬ್ಬ ಹೂಜಿಯನ್ನು ತಿರುವುತ್ತ, "ಕೆಲಸಗಾರಿಕೆ ಚೆನ್ನಾಗಿದೆ" ಎನ್ನುತ್ತಿದ್ದ. ತೂಕದಯ್ಯನೂ ಬಾತನ್ನು ತಿರುವಿ, ಕಣ್ಣು ಕಿರಿದು ಮಾಡಿ, "ಕೆಲಸಗಾರಿಕೆ ಚೆನ್ನಾಗಿದೆ" ಎಂದ. ಎಂದ ಮೇಲೆ ಕೊಳ್ಳದೆ ಇಳಿದು ಹೋಗುವುದು ಹೇಗೆ? ಬೆಲೆಯನ್ನು ಇಲ್ಲಿ ಹೇಳುವಂತಿಲ್ಲ. ಹೆಂಡತಿಗೇ ಹೇಳದ್ದನ್ನು ಓದುವವರಿಗೆ ಹೇಳುವುದು ನ್ಯಾಯವಲ್ಲ.

ಹೇಳಲಿಲ್ಲವಾದ್ದರಿಂದ ಮನೆಗೆ ಒಯ್ಯುವಂತಿರಲಿಲ್ಲ. ಭಾನುವಾರದವರೆಗೆ ಎಲ್ಲಿಡುವುದು? ಊರಿನಲ್ಲಿ ಭದ್ರವಾದ ಜಾಗವೆಂದರೆ ಉಗ್ರಾಣದ ತೂಕದ ಕೋಣೆ. ಆ ಕೋಣೆಯಲ್ಲಿ ದೂಳು ಕೂರದ ಜಾಗವೆಂದರೆ ಗೋಡೆಗೂಡು. ಗೂಡಿನಲ್ಲಿ ಆಗಲೇ ಮುದ್ರೆ ಬಿದ್ದ ಕಬ್ಬಿಣದ ಕಲ್ಲುಗಳು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಕೂತಿದ್ದವು. ಅವುಗಳ ಪಕ್ಕದಲ್ಲಿ ಬಾತುಗಳನ್ನೂ ದೊಡ್ಡದರಿಂದ ಚಿಕ್ಕದಕ್ಕೆ ಇಟ್ಟ. ಇಟ್ಟವನು ಸುಮ್ಮನಿರಬಹುದಿತ್ತು. ಒಂದೊಂದನ್ನೇ ತಕ್ಕಡಿಗೆ ಹಾಕಿ ತೂಗಿದ, ಅಂದಾಜು ಎರಡು ಗ್ರಾಂ ಕೂಡ ತಪ್ಪಿಲ್ಲವೆಂದು ಸಂತೋಷಪಟ್ಟ, ಪ್ರತಿ ಬಾತಿನ ಕೆಳಗೂ ಸೀಮೆಸುಣ್ಣದಲ್ಲಿ ಅದರ ತೂಕ ಬರೆದ.

ಕಳ್ಳನಾದವನು ಹೀಗೆ ಬರೆದಿಡುತ್ತಾನೆಯೇ? ಆದರೆ ಈ ಪ್ರಶ್ನೆ ಮುಂದೆ ಯಾರಿಗೂ ಹೊಳೆಯಲಿಲ್ಲ.

ಮಂಗಳವಾರ ಕೊಯ್ಲಿನ ಮೆಕ್ಕೆಜೋಳ ಬರಲು ಶುರುವಾಯಿತು. ಗಾಡಿಗಳು ಉಗ್ರಾಣದ ಗೇಟಿನಿಂದ ಸೇತುವೆಯವರೆಗೆ ನಿಂತವು. ಸರದಿಯಲ್ಲಿ ಮೊದಲು ಕೋಳಿಯಮ್ಮ. ಎರಡು ಎಕರೆ ಹೊಲ, ನಲವತ್ತು ಕೋಳಿ, ಊರಿಗೆಲ್ಲ ಕೇಳುವ ಗಂಟಲು. ಇಷ್ಟರಲ್ಲಿ ಬದುಕು ಕಟ್ಟಿಕೊಂಡ ಹೆಂಗಸು. ತಕ್ಕಡಿಗೆ ಚೀಲ ಏರುತ್ತಿದ್ದಂತೆ ಅವಳ ಕಣ್ಣು ಗೂಡಿಗೆ ಹೋಯಿತು.

"ಏನಯ್ಯಾ ತೂಕದಯ್ಯ, ಅದೇನು ಹೊಳೀತಿದೆ?"

ಅವಳ ಹಿಂದೆ ಹನ್ನೊಂದು ಜನ ಗಂಡಸರು ಕತ್ತು ಉದ್ದ ಮಾಡಿದರು. ಐವತ್ತು ದಾಟಿದವನು, ತಕ್ಕಡಿ ಹಿಡಿದವನು, ಬಾತುಕೋಳಿ ಕೊಂಡುಕೊಂಡೆ ಎಂದು ಹನ್ನೊಂದು ಜನರ ಮುಂದೆ ಹೇಗೆ ಹೇಳುವುದು?

"ಕಲ್ಲು" ಎಂದ. "ಹೊಸ ಕಲ್ಲು."

"ಬಾತುಕೋಳಿ ಥರ ಇದಾವಲ್ಲೋ?"

"ಈಗ ಹಾಗೇ ಬರ್ತಾವೆ."

"ಯಾರು ಕಳ್ಸಿದ್ದು?"

"ಮೇಲಿನವರು."

ಮೂರು ಸುಳ್ಳು, ಮೂರೂ ಸೇರಿದರೆ ಒಂದು ಉಸಿರಿನಷ್ಟು. ತೂಕದಯ್ಯ ಬೆವರು ಒರೆಸಿಕೊಂಡು ಕಬ್ಬಿಣದ ಕಲ್ಲಿಗೆ ಕೈ ಹಾಕಿದ.

"ತಡಿ ತಡಿ" ಎಂದಳು ಕೋಳಿಯಮ್ಮ. "ಹೊಸ ಕಲ್ಲು ಬಂದಿರುವಾಗ ನಂಗ್ಯಾಕೆ ಹಳೇದು? ಅದ್ರಲ್ಲೇ ತೂಗು."

"ಅದಿನ್ನೂ ಚಾಲ್ತಿಗೆ ಬಂದಿಲ್ಲಮ್ಮ."

"ಯಾರಿಗೆ ಬಂದಿಲ್ಲ? ನಂಗೆ ಬಂದಿಲ್ವೋ, ಎಲ್ಲರಿಗೂ ಬಂದಿಲ್ವೋ?"

ಅಷ್ಟು ಸಾಕಾಯಿತು. ಮಧ್ಯಾಹ್ನದ ಹೊತ್ತಿಗೆ ಚಹಾದಂಗಡಿಯಲ್ಲಿ ಉಗ್ರಾಣಕ್ಕೆ ಎರಡು ಜೊತೆ ಕಲ್ಲು ಬಂದಿದ್ದವು. ಕೊಳ್ಳಲು ಒಂದು, ಮಾರಲು ಒಂದು. ಸಂಜೆಗೆ, ದೊಡ್ಡ ಕುಳಗಳಿಗೆ ತಾಯಿಬಾತಿನಲ್ಲಿ ತೂಗುತ್ತಾರೆ, ಬಡವರಿಗೆ ಮರಿಬಾತಿನಲ್ಲಿ ಎಂದಾಯಿತು. ಬುಧವಾರ ಬೆಳಗ್ಗೆ, ಹೋದ ವರ್ಷವೂ ಈ ಬಾತುಗಳಲ್ಲೇ ತೂಗಿದ್ದನ್ನು ಕಣ್ಣಾರೆ ಕಂಡವರು ನಾಲ್ವರು ಸಿಕ್ಕರು. ಹದಿನಾಲ್ಕು ರುಜು ಹಾಕಿದ ದೂರು ತೂಕದ ಕಚೇರಿಗೆ ಹೋಯಿತು.

ಆ ದಿನವೇ ಸಂಘದ ಕಾರ್ಯದರ್ಶಿ ಬೀಗದಕೈ ಗೊಂಚಲು ಕುಲುಕಿಸುತ್ತ ಓಡಿಬಂದ. ಹೆದರಿದರೆ ಬಿಕ್ಕಳಿಕೆ ಬರುವುದು ಅವನ ಜಾಯಮಾನ.

"ಮುದ್ರೆ ಸಾಹೇಬ್ರು ಬರ್ತಾರಂತೆ, ಹಿಕ್, ನಾಳೆ! ಏನ್ ಮಾಡ್ಕೊಂಡಿದೀಯ ಮಾರಾಯ?"

ಮುದ್ರೆ ಸಾಹೇಬರೆಂದರೆ ತೂಕ ಅಳತೆಯ ಇನ್‌ಸ್ಪೆಕ್ಟರು. ಅವರು ಬಂದುಹೋದ ಮೇಲೆ ಬಾಗಿಲು ತೆರೆದುಕೊಂಡಿದ್ದ ಅಂಗಡಿಗಳು ಕಡಿಮೆ. ಚೀಲದಲ್ಲಿ ಅರಗು, ಮೇಣದಬತ್ತಿ, ಮುದ್ರೆ ಹೊತ್ತೇ ತಿರುಗುತ್ತಿದ್ದರು. ಸ್ವಂತ ತಮ್ಮನ ತರಕಾರಿ ತಕ್ಕಡಿಯನ್ನೇ ಜಪ್ತಿ ಮಾಡಿದವರೆಂದು ಪ್ರತೀತಿ.

"ಅದು ಬಾತುಕೋಳಿ ಸ್ವಾಮಿ" ಎಂದ ತೂಕದಯ್ಯ. "ನಮ್ಮ ಷಡ್ಡಕರ ಹೊಸ ಮನೆಗೆ ಉಡುಗೊರೆ."

"ಹಾಗಾದ್ರೆ ಎತ್ಕೊಂಡು ಮನೆಗೆ ಹೋಗು! ಹಿಕ್! ಈಗಲೇ!"

ಎತ್ತಿಕೊಂಡು ಹೊರಟರೆ ಬಾಗಿಲಲ್ಲಿ ಕೋಳಿಯಮ್ಮ ಎರಡು ಬುಟ್ಟಿ ಕೋಳಿ ಮುಂದಿಟ್ಟುಕೊಂಡು ಕೂತಿದ್ದಳು. ಅವಳ ಹಿಂದೆ ಆರೇಳು ಜನ.

"ಸಾಹೇಬ್ರು ಬರೋವರ್ಗೂ ಇಲ್ಲಿಂದ ಒಂದು ಹುಲ್ಲುಕಡ್ಡಿ ಆಚೆ ಹೋಗ್ಬಾರ್ದು."

"ಅಮ್ಮಾ, ಇದು ಸುಮ್ನೆ ಬಾತುಕೋಳಿ ಕಣಮ್ಮ."

"ನಿನ್ನೆ ಕಲ್ಲು, ಇವತ್ತು ಬಾತುಕೋಳಿ. ನಾಳೆ ಹಾರ್ಸಿ ತೋರಿಸ್ತೀಯಾ?"

ತೂಕದಯ್ಯ ಬಾತುಗಳನ್ನು ಮತ್ತೆ ಗೂಡಿಗಿಟ್ಟ. ಇಡುವಾಗ ಕಬ್ಬಿಣದ ಕಲ್ಲೊಂದಕ್ಕೆ ಕೈ ತಾಗಿ ಅದು ಉರುಳಿತು. ಇಪ್ಪತ್ತೆರಡು ವರ್ಷದಲ್ಲಿ ಅವನ ಕೈಯಿಂದ ಕಲ್ಲು ಉರುಳಿದ್ದನ್ನು ಆ ಜನ ಕಂಡಿರಲಿಲ್ಲ. ಕಂಡವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವನ ತೂಗುವ ಪರವಾನಗಿ ಗೋಡೆಯಲ್ಲಿ ಚೌಕಟ್ಟಿನೊಳಗೆ ನೇತಾಡುತ್ತಿತ್ತು. ಅದೊಂದು ಹೋದರೆ ಅವನಿಗೆ ಬೇರೆ ಕಸುಬು ಬರುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಅವನು ಹೇಳಿದ ತೂಕವನ್ನು ನಾಳೆಯಿಂದ ಯಾರೂ ನಂಬುತ್ತಿರಲಿಲ್ಲ.

ಗುರುವಾರ ಹತ್ತು ಗಂಟೆಗೆ ಮುದ್ರೆ ಸಾಹೇಬರು ಬಂದರು. ತೆಳ್ಳಗೆ, ಎತ್ತರಕ್ಕೆ, ಕೊರಳವರೆಗೆ ಗುಂಡಿ ಹಾಕಿದ ಕೋಟು. ಯಾರಿಗೂ ನಮಸ್ಕಾರ ಹೇಳಲಿಲ್ಲ. ಕಾರ್ಯದರ್ಶಿ ಎಳನೀರು ಕೊಡಲು ಹೋದರೆ ಅದನ್ನೂ ತಪಾಸಣೆಗೆಂಬಂತೆ ನೋಡಿ ಬದಿಗಿರಿಸಿದರು. ನೇರ ಗೂಡಿನ ಮುಂದೆ ಹೋಗಿ, ಬಗ್ಗಿ, ಸೀಮೆಸುಣ್ಣದ ಅಂಕಿಗಳನ್ನು ಒಂದೊಂದಾಗಿ ಓದಿದರು. ಹೊರಗೆ ಎಪ್ಪತ್ತು ಜನ ಬಾಗಿಲು ಕಿಟಕಿಗೆ ಮುತ್ತಿದ್ದರು.

"ಇದರ ಕೆಳಗೆ ತೂಕ ಬರೆದವರು ಯಾರು?"

"ನಾನೇ ಸಾರ್."

"ಯಾಕೆ?"

"ತೂಗಿದೆ, ಅದಕ್ಕೆ."

"ಯಾಕೆ ತೂಗಿದಿರಿ?"

"ನಾನು ಎಲ್ಲಾನೂ ತೂಗ್ತೀನಿ ಸಾರ್. ಮಗಳು ಹುಟ್ಟಿದಾಗ್ಲೂ ತೂಗಿದ್ದೆ."

"ಮಗಳನ್ನ ಇಲ್ಲಿ ಸಾಲಾಗಿ ಇಟ್ಟಿರಲಿಲ್ಲ ತಾನೆ?"

ಸಾಹೇಬರು ತಾಯಿಬಾತನ್ನು ಎತ್ತಿ ಬುಡ ಮೇಲೆ ಮಾಡಿದರು. ಮಾಡಿದವನು ಅಲ್ಲಿ ತನ್ನ ಗುರುತು ಒತ್ತಿದ್ದ: ಒಂದು ವೃತ್ತ, ಅದರೊಳಗೆ ಒಂದು ಗರಿ, ಒಂದು ಅಂಕಿ.

"ಮುದ್ರೆ!" ಎಂದರು ಸಾಹೇಬರು, ಮೆಲ್ಲಗೆ. ಅವರು ಮೆಲ್ಲಗೆ ಮಾತಾಡಿದಾಗಲೇ ಜನ ಹೆದರುತ್ತಿದ್ದದ್ದು. "ಇದು ನಮ್ಮ ಇಲಾಖೆ ಮುದ್ರೆ ಅಲ್ಲ. ನಕಲಿ ಮುದ್ರೆ ಒತ್ತೋದು ಅಂದ್ರೆ ಏನು ಗೊತ್ತೇನ್ರೀ?"

"ಅದು ಮಾಡಿದವನ ಗುರುತು ಸಾರ್..."

"ಹೇಳ್ತೀನಿ ಕೇಳಿ. ಇದು ಬರೆದಷ್ಟೇ ತೂಗಿದ್ರೆ, ಇಲಾಖೆ ಮುದ್ರೆ ಇಲ್ಲದ ಕಲ್ಲು ಇಟ್ಕೊಂಡ ತಪ್ಪು. ಬರೆದಷ್ಟು ತೂಗದಿದ್ರೆ ಕಳ್ಳ ಕಲ್ಲು ಇಟ್ಕೊಂಡ ತಪ್ಪು. ಈಗ ತೂಗ್ತೀನಿ. ಯಾವುದಾದ್ರೆ ಒಳ್ಳೇದು ನಿಮಗೆ?"

ತೂಕದಯ್ಯ ಯೋಚಿಸಿದ. ಅವನ ಜಾಗದಲ್ಲಿ ಇನ್ನೊಬ್ಬನಿದ್ದರೆ ಸುಮ್ಮನಿರುತ್ತಿದ್ದ. "ಬರೆದಷ್ಟೇ ತೂಗುತ್ತೆ ಸಾರ್" ಎಂದ. "ಅದ್ರಲ್ಲಿ ತಪ್ಪಾಗಿರಲ್ಲ."

ಬರೆದಷ್ಟೇ ತೂಗಿತು. ಸಾಹೇಬರು ಒಂದು ಗೆರೆ ಬರೆದುಕೊಂಡರು. ಆಮೇಲೆ ಬಾತನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಟಿಕ್ ಎಂದಿತು. ಬೆರಳಿನಿಂದ ಕಾಲು ಮುಟ್ಟಿದರು. ಕಾಲು ಅಲುಗಿತು.

"ಓಹೋ, ಕಾಲು ಸಡಿಲ. ಒಳಗೆ ಸೀಸ ತುಂಬೋಕೆ, ತೆಗೆಯೋಕೆ ದಾರಿ."

ಹೊರಗಿನ ಜನ ಹೋ ಎಂದು ಗದ್ದಲವೆಬ್ಬಿಸಿದರು. "ನಾನ್ ಹೇಳ್ಲಿಲ್ವಾ!" ಎಂದು ಕೋಳಿಯಮ್ಮನ ಗಂಟಲು. ತೂಕದಯ್ಯನಿಗೆ ಪರವಾನಗಿಯ ಚಿಂತೆಯ ಜೊತೆಗೆ, ಅಂಗಡಿಯಾಕೆ ತನಗೆ ಮುರುಕಲು ಬಾತು ಕೊಟ್ಟುಬಿಟ್ಟಳಲ್ಲಾ ಎಂಬ ದುಃಖವೂ ಸೇರಿಕೊಂಡಿತು.

"ಸಾರ್, ಇದು ಉಡುಗೊರೆ. ನಮ್ಮ ಷಡ್ಡಕರಿಗೆ ಅಂತ ತಂದದ್ದು. ಬೇಕಾದ್ರೆ ಅವರನ್ನೇ ಕರೆಸಿ ಕೇಳಿ."

ಇದು ಅವನು ಆ ವಾರ ಮಾಡಿದ ತಪ್ಪುಗಳಲ್ಲೆಲ್ಲ ದೊಡ್ಡದು.

ಷಡ್ಡಕ ಅರ್ಧ ಗಂಟೆಯಲ್ಲಿ ಮೋಟಾರಿನಲ್ಲಿ ಬಂದಿಳಿದ. ಸುದ್ದಿ ತಿಳಿದು ತೂಕದಯ್ಯನ ಹೆಂಡತಿಯೂ ಒದ್ದೆ ಕೈ ಸೆರಗಿಗೆ ಒರೆಸುತ್ತ ಬಂದಳು. ಸಾಹೇಬರು ಬಾತುಗಳನ್ನು ಇಬ್ಬರಿಗೂ ತೋರಿಸಿದರು.

"ಇದನ್ನ ನೋಡಿದ್ದೀರೇನಮ್ಮ?"

ಹೆಂಡತಿ ನೋಡಿದಳು. ತಾಯಿಯ ಕತ್ತು ನೋಡಿದಳು, ಮರಿಗಳನ್ನು ನೋಡಿದಳು, ಬೇರೆ ಕಡೆ ಮುಖ ಮಾಡಿದ ಐದನೆಯದನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು. "ಇಲ್ಲ" ಎಂದಳು. ಆಮೇಲೆ ಗಂಡನ ಕಡೆ ತಿರುಗಿ, "ಇದನ್ನ ಅಕ್ಕನ ಮನೆಗೆ ಕೊಡೋಕೆ ತಂದ್ರಾ?" ಎಂದಳು. ದನಿ ಚೆನ್ನಾಗಿರಲಿಲ್ಲ.

"ನೀವು ಹೇಳಿ" ಎಂದರು ಸಾಹೇಬರು ಷಡ್ಡಕನಿಗೆ. "ಈತ ಇದನ್ನ ನಿಮಗೆ ಉಡುಗೊರೆ ಅಂತಾರೆ. ನಂಬಬಹುದಾ?"

ಷಡ್ಡಕ ಬಾಯಿ ತುಂಬ ನಕ್ಕ. "ಇವನಾ? ನನಗಾ? ಇಂಥದ್ದನ್ನಾ? ಸಾಹೇಬ್ರೆ, ಇವನು ಕೊಟ್ಟ ಬಕೆಟ್ಟು ಇವತ್ತಿಗೂ ನಮ್ಮನೆ ಬಚ್ಚಲಲ್ಲಿದೆ. ಇಂಥ ಸಾಮಾನು ಹುಡುಕಿ ತರೋ ರುಚಿ ಇವನಿಗೆಲ್ಲಿಂದ ಬರಬೇಕು? ಇದು ನನ್ನದಲ್ಲ. ಬರ್ಕೊಳ್ಳಿ, ರುಜು ಹಾಕ್ತೀನಿ."

"ಅಣ್ಣಾ" ಎಂದ ತೂಕದಯ್ಯ.

"ಏ ಸುಮ್ನಿರಯ್ಯಾ, ನಿನ್ನ ವ್ಯವಹಾರಕ್ಕೆಲ್ಲ ನನ್ನ ಹೆಸರು ಎಳೀಬೇಡ."

ಸಾಹೇಬರು ಹೇಳಿಕೆ ಬರೆದುಕೊಂಡರು. ಷಡ್ಡಕ ದೊಡ್ಡದಾಗಿ ರುಜು ಹಾಕಿದ. ಇನ್ನು ಉಳಿದದ್ದು ಜಪ್ತಿ ಪತ್ರ. ಕೋಣೆಯ ಮೂಲೆಯಲ್ಲಿದ್ದ ಕಾರ್ಯದರ್ಶಿಯ ಬರೆಯುವ ಮೇಜು ಹಳೆಯ ಕಾಲದ್ದು; ಮೇಲೆ ಇಳಿಜಾರಾದ ಮುಚ್ಚಳ, ಬರೆಯುವವನ ಎದೆಯ ಕಡೆಗೆ ಇಳಿಯುವಂಥದ್ದು. ಸಾಹೇಬರು ಅದರ ಮುಂದೆ ಕೂತು ಮೇಣದಬತ್ತಿ ಹಚ್ಚಿ, ಅರಗಿನ ಕಡ್ಡಿಯನ್ನು ಪಕ್ಕದಲ್ಲಿಟ್ಟು, ಬರೆಯತೊಡಗಿದರು. ಪೆನ್ನಿನ ಸದ್ದು ಬಿಟ್ಟರೆ ಕಾರ್ಯದರ್ಶಿಯ ಬಿಕ್ಕಳಿಕೆ.

"ಉಗ್ರಾಣಕ್ಕೆ ಬೀಗಮುದ್ರೆ. ಪರವಾನಗಿ ರದ್ದು" ಎಂದು ಬರೆದದ್ದನ್ನೇ ಓದಿದರು.

"ಸಾಹೇಬ್ರೆ, ಹಿಕ್, ಸೇತುವೆವರೆಗೂ ಗಾಡಿ ನಿಂತಿದಾವೆ, ಮೋಡ ಬೇರೆ..."

"ಪರವಾನಗಿ ತೆಗೆದುಕೊಡಿ."

ತೂಕದಯ್ಯ ಸ್ಟೂಲು ಹತ್ತಿ ಚೌಕಟ್ಟನ್ನು ಮೊಳೆಯಿಂದ ಇಳಿಸಿದ. ಇಳಿಸುವಾಗ ಅದರ ತೂಕ ಅವನ ಕೈಗೆ ತಿಳಿಯಲಿಲ್ಲ. ಜನರ ಗದ್ದಲ ನಿಂತಿತ್ತು. ದೂರು ಕೊಟ್ಟವರಿಗೂ ಈ ನೋಟ ಬೇಕಾಗಿರಲಿಲ್ಲವೆಂದು ಕಾಣುತ್ತದೆ.

ಕಿಟಕಿಯಿಂದ ಗಾಳಿ ಬೀಸಿ ಜಪ್ತಿ ಪತ್ರದ ಅಂಚು ಮೇಲೆದ್ದಿತು. ಸಾಹೇಬರು ಕಾಗದ ಹಾರದಿರಲೆಂದು ತಾಯಿಬಾತನ್ನು ಅದರ ತಲೆಯ ಮೇಲಿಟ್ಟು, ರುಜು ಹಾಕಲು ಪೆನ್ನು ಎತ್ತಿದರು.

ಟಕ್.

ಸಾಹೇಬರು ಕಾರ್ಯದರ್ಶಿಯ ಕಡೆ ನೋಡಿದರು. ಕಾರ್ಯದರ್ಶಿ, ಇದು ತನ್ನದಲ್ಲವೆಂದು ಕೈ ಅಲ್ಲಾಡಿಸಿದ.

ಟಕ್. ಟಕ್. ಟಕ್.

ಬಾತು ನಡೆಯುತ್ತಿತ್ತು. ಒಮ್ಮೆ ಎಡಕ್ಕೆ ವಾಲಿ ಬಲಗಾಲು ಎತ್ತಿತು, ಒಮ್ಮೆ ಬಲಕ್ಕೆ ವಾಲಿ ಎಡಗಾಲು. ಆತುರವಿಲ್ಲ, ಅಂಜಿಕೆಯಿಲ್ಲ. 'ಬೀಗಮುದ್ರೆ'ಯನ್ನು ತುಳಿಯಿತು, 'ಪರವಾನಗಿ ರದ್ದು' ಎಂಬುದನ್ನು ದಾಟಿತು, ರುಜುವಿನ ಜಾಗಕ್ಕೆ ಬಂದು, ಸಾಹೇಬರ ಕೋಟಿನ ಮೂರನೆಯ ಗುಂಡಿಗೆ ಎದೆ ತಾಗಿಸಿ ನಿಂತಿತು. ಕತ್ತು ಮಾತ್ರ ಹಿಂದಕ್ಕೇ ತಿರುಗಿತ್ತು, ಮರಿಗಳೆಲ್ಲಿ ಎಂಬಂತೆ.

ಕಾರ್ಯದರ್ಶಿಯ ಬಿಕ್ಕಳಿಕೆ ನಿಂತುಹೋಯಿತು.

"ಯಾರು ಕೀಲಿ ಕೊಟ್ಟದ್ದು?"

"ಯಾರೂ ಇಲ್ಲ ಸಾರ್."

ಸಾಹೇಬರು ಬಾತನ್ನು ತಿರುವಿ ಮುರುವಿ ನೋಡಿದರು. ಕೀಲಿಯಿಲ್ಲ, ಬ್ಯಾಟರಿಯಿಲ್ಲ. ಮತ್ತೆ ಮೇಲಿಟ್ಟರು. ಮತ್ತೆ ನಡೆದು ಬಂತು. ಮೊದಲನೆಯ ಮರಿಯನ್ನಿಟ್ಟರು, ಅದು ತಾಯಿಗಿಂತ ಬೇಗ ಬೇಗ ಹೆಜ್ಜೆ ಹಾಕಿತು. ಆರನ್ನೂ ಸಾಲಾಗಿ ಬಿಟ್ಟರು. ಆರೂ ಟಕಟಕ ಇಳಿದು ಬಂದವು, ಐದನೆಯದು ಸ್ವಲ್ಪ ಓರೆಯಾಗಿ.

"ನಮ್ಮ ಕೋಳಿಗಳೂ ಹೀಗೇ" ಎಂದಳು ಕೋಳಿಯಮ್ಮ ಬಾಗಿಲಿನಿಂದ, ತನಗೇ ತಿಳಿಯದೆ. "ಇಳಿಜಾರು ಕಂಡ್ರೆ ನಿಲ್ಲಲ್ಲ."

ತೂಕದಯ್ಯ ಬಾಯಿ ತೆರೆದುಕೊಂಡು ನಿಂತಿದ್ದ. ಬಾತುಗಳು ನಡೆಯುತ್ತವೆಂದು, ಕಾಲು ಸಡಿಲ ಬಿಟ್ಟದ್ದು ಇಳಿಜಾರಿನಲ್ಲಿ ನಡೆಯಲೆಂದೇ ಎಂದು ಅವನಿಗೂ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ತೂಗುವವನ ಕೋಣೆಯಲ್ಲಿ ತಕ್ಕಡಿಯ ಕಟ್ಟೆ, ಗೂಡು, ನೆಲ ಎಲ್ಲವನ್ನೂ ತಿಂಗಳಿಗೊಮ್ಮೆ ಮಟ್ಟದ ಕೊಳವೆ ಇಟ್ಟು ಅವನೇ ಸಮ ಮಾಡುತ್ತಿದ್ದ. ಇಡೀ ಊರಿನಲ್ಲಿ ಬಾತು ನಡೆಯಲಾಗದ ಜಾಗ ಅದೊಂದೇ, ಅಲ್ಲಿಯೇ ತಂದಿಟ್ಟಿದ್ದ.

ಸಾಹೇಬರು ಚೀಲದಿಂದ ದಪ್ಪ ಪುಸ್ತಕ ತೆಗೆದು ಪುಟ ಮಗುಚಿದರು. ಒಂದು ಗೆರೆಗೆ ಬೆರಳಿಟ್ಟು ಓದಿದರು: "ತೂಕದ ಕಲ್ಲು ಇಟ್ಟ ಸ್ಥಳದಲ್ಲಿ ಸ್ಥಿರವಾಗಿ ನಿಲ್ಲತಕ್ಕದ್ದು. ಅದಕ್ಕೆ ಚಲಿಸುವ ಅಂಗಗಳು ಇರತಕ್ಕದ್ದಲ್ಲ." ಪುಸ್ತಕ ಮುಚ್ಚಿದರು. "ಇದು ನಿಲ್ಲಲ್ಲ. ಆದ್ದರಿಂದ ಇದು ಕಲ್ಲಲ್ಲ. ಕಲ್ಲೇ ಅಲ್ಲದ ಮೇಲೆ ನಕಲಿ ಕಲ್ಲೂ ಅಲ್ಲ."

ಮೇಣದಬತ್ತಿಯನ್ನು ಉಫ್ ಎಂದು ಆರಿಸಿದರು.

"ಮತ್ತೆ ಇವನು ಕಲ್ಲು ಅಂತ ಸುಳ್ಳು ಹೇಳಿದ್ದು?" ಎಂದು ಯಾರೋ ಕೂಗಿದರು.

"ಸುಳ್ಳು ನಮ್ಮ ಇಲಾಖೆಗೆ ಬರಲ್ಲ. ನಮ್ಮದು ತೂಕ, ಅಳತೆ ಅಷ್ಟೇ."

ಆದರೆ ಕೋಳಿಯಮ್ಮನ ಇಲಾಖೆಗೆ ಅದು ಬರುತ್ತಿತ್ತು. ಅವಳು ಬುಟ್ಟಿ ದಾಟಿಕೊಂಡು ಒಳಗೇ ಬಂದಳು. "ಅವತ್ತೇ ಬಾತುಕೋಳಿ ಅಂತ ಬೊಗಳಿದ್ರೆ ಏನಾಗ್ತಿತ್ತು ನಿಂಗೆ?"

ತೂಕದಯ್ಯ ಚೌಕಟ್ಟನ್ನು ಎದೆಗೆ ಒತ್ತಿಕೊಂಡೇ ನಿಂತಿದ್ದ. "ನಾಚಿಕೆ ಆಯ್ತು ಕಣಮ್ಮ."

"ಏನಕ್ಕೆ?"

"ಈ ವಯಸ್ಸಲ್ಲಿ... ಚೆನ್ನಾಗಿದೆ ಅಂತ ಬಾತುಕೋಳಿ ತಗೊಂಡೆ ಅಂತ. ಅಷ್ಟು ಜನರ ಮುಂದೆ."

ಈಗ ಎಪ್ಪತ್ತು ಜನರ ಮುಂದೆ ಹೇಳಿದ್ದ. ಕೋಳಿಯಮ್ಮ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ನಾನು ನಲವತ್ತು ಸಾಕಿದೀನಿ. ನಂಗಿಲ್ಲದ ನಾಚಿಕೆ ನಿಂಗ್ಯಾಕೋ? ಹೋಗು, ಆ ಪಟ ಮೊಳೆಗೆ ಹಾಕು. ನನ್ನ ಚೀಲ ಮೂರು ದಿನದಿಂದ ಕಾಯ್ತಿದೆ. ಕಬ್ಬಿಣದ್ರಲ್ಲೇ ತೂಗು."

ಷಡ್ಡಕ ಈ ನಡುವೆ ಮೇಜಿನ ಹತ್ತಿರ ಸರಿದಿದ್ದ. ತಾಯಿಬಾತನ್ನು ತಾನೇ ಒಮ್ಮೆ ಮುಚ್ಚಳದ ಮೇಲೆ ನಡೆಸಿ, ಕಣ್ಣರಳಿಸಿ, "ಭಲೇ ಕಣಯ್ಯಾ! ಹೊಸ ಮನೆ ಪಡಸಾಲೆಗೆ ಹೇಳಿ ಮಾಡಿಸಿದ ಹಾಗಿದೆ. ಭಾನುವಾರ ತಂದು ಕೊಡ್ತೀಯೋ, ಈಗಲೇ ಒಯ್ಯಲೋ?" ಎಂದ.

ತೂಕದಯ್ಯ ಉತ್ತರ ಹುಡುಕುವಷ್ಟರಲ್ಲಿ ಅವನ ಹೆಂಡತಿ ಬಾತನ್ನು ಷಡ್ಡಕನ ಕೈಯಿಂದ ಬಿಡಿಸಿಕೊಂಡಿದ್ದಳು.

"ಅಯ್ಯೋ, ಇದು ನಿಮ್ಮದಲ್ಲ ಭಾವ. ನೀವೇ ಹೇಳಿದೀರಿ, ರುಜೂನೂ ಹಾಕಿದೀರಿ. ಸರ್ಕಾರಿ ಕಾಗದ, ತಿದ್ದೋಕಾಗುತ್ತಾ? ಅಲ್ವಾ ಸಾಹೇಬ್ರೆ?"

"ತಿದ್ದೋ ಹಾಗಿಲ್ಲ" ಎಂದರು ಸಾಹೇಬರು, ತಲೆಯೆತ್ತದೆ.

ಷಡ್ಡಕನ ಮೋಟಾರು ಹೊರಟ ಸದ್ದಿಗೆ ಬುಟ್ಟಿಯ ಕೋಳಿಗಳು ಕೊಕ್ಕೊಕ್ಕೆಂದವು. ಹೆಂಡತಿ ಬೆಲೆ ಕೇಳಲು ಬಾಯಿ ತೆರೆದವಳು ಬಾತಿನ ಕಡೆ ಒಮ್ಮೆ ನೋಡಿ ಮುಚ್ಚಿಕೊಂಡಳು. ಅದು ಆಮೇಲೆ ಇದ್ದೇ ಇತ್ತು.

ಸಾಹೇಬರು ಹೊಸ ಕಾಗದ ತೆಗೆದು ವರದಿ ಬರೆಯುತ್ತಿದ್ದರು. ವಸ್ತು: ಬಾತು. ಸಂಖ್ಯೆ: ಆರು. ಲೋಹ: ಹಿತ್ತಾಳೆ. ಮುಂದಿನ ಕಲಮಿನಲ್ಲಿ ಪೆನ್ನು ನಿಂತಿತು.

"ಉಪಯೋಗ ಏನು?"

"ಸಾರ್?"

"ಇದರ ಉಪಯೋಗ ಅಂತ ಒಂದು ಕಲಂ ಇದೆ. ತುಂಬಿಸಬೇಕು."

ತೂಕದಯ್ಯ ಕೋಣೆಯ ಸುತ್ತ ನೋಡಿದ. ತಕ್ಕಡಿ, ಕಲ್ಲು, ಕೊಕ್ಕೆ, ದಬ್ಬಣ, ಸೆಣಬಿನ ಹುರಿ. ಉಪಯೋಗವಿಲ್ಲದ್ದು ಅಲ್ಲಿ ಒಂದೂ ಇರಲಿಲ್ಲ.

"ಉಪಯೋಗ ಏನೂ ಇಲ್ಲ ಸಾರ್. ನೋಡಿದ್ರೆ ಖುಷಿ ಆಗುತ್ತೆ, ಅಷ್ಟೇ."

ಸಾಹೇಬರು ಅದನ್ನು ಬರೆಯಲಿಲ್ಲ, ಹೊಡೆದುಹಾಕಲೂ ಇಲ್ಲ. ಪೆನ್ನು ಕೆಳಗಿಟ್ಟರು. ಕೊರಳಿನ ಗುಂಡಿ ಬಿಚ್ಚಿದರು. ಪುಸ್ತಕವನ್ನು ಮೇಜಿನ ಮುಚ್ಚಳದ ಆಚೆ ಅಂಚಿನ ಅಡಿಗೆ ತೂರಿಸಿ ಇಳಿಜಾರನ್ನು ಇನ್ನಷ್ಟು ಎತ್ತರ ಮಾಡಿದರು. ಆಮೇಲೆ, ಮುಖದ ಒಂದು ಗೆರೆಯೂ ಸಡಿಲವಾಗದಂತೆ ನೋಡಿಕೊಳ್ಳುತ್ತ ಹೇಳಿದರು:

"ಪರೀಕ್ಷೆ ಮಾಡದೆ ಹಾಗೆಲ್ಲ ಬರೆಯೋಕಾಗಲ್ಲ. ಇನ್ನೊಂದ್ ಸಲ ಬಿಡಿ. ಎಲ್ಲಾ ಆರೂ."